ಖಾಲಿ ಬಿಟ್ಟ ಇಪ್ಪತ್ತೊಂದು ಸಾಲು

6-11-1989, ಸೋಮವಾರ
ಕಾರ್ತಿಕ ಸೋಮವಾರ. ಒಪ್ಪೊತ್ತು. ಕೊಟ್ಟಿಗೆ ಬಳಿದು, ಹಾಲು ಕರೆದು, ಈಶ್ವರನ ಗುಡಿಯಲ್ಲಿ ದೀಪ ಹಚ್ಚಿ ಏಳೂವರೆ ಬಸ್ಸು ಹಿಡಿದೆ. ತಿಪಟೂರಿನಲ್ಲಿ ಕಂಪ್ಯೂಟರ್ ತರಬೇತಿ, ಮೂರನೆಯ ದಿನ. ನಾರು-ಹಗ್ಗದ ಹೆಂಗಸರ ಸಂಘಕ್ಕೆ ಕಾರ್ಯದರ್ಶಿ ಅಂತ ನನ್ನನ್ನು ಕಳಿಸಿದ್ದಾರೆ. ಏಳನೇ ಕ್ಲಾಸಿನ ಇಂಗ್ಲಿಷ್ ಅಕ್ಷರ ಈಗ ಕೆಲಸಕ್ಕೆ ಬಂತು.
ಇವತ್ತು ಸೆಲೆಕ್ಟ್. ಏನು ಬೇಕು, ಯಾವ ಪಟ್ಟಿಯಿಂದ ಬೇಕು — ಬರೆದರೆ ತಂದು ತೋರಿಸುತ್ತದೆ. ಕೊನೆಗೆ ಸೆಮಿಕೋಲನ್ ಇಡದಿದ್ದರೆ ಸುಮ್ಮನೆ ಕೂತಿರುತ್ತದೆ. ನಾಲ್ಕು ಸಲ ಮರೆತೆ. ಮೇಷ್ಟ್ರು ಬಸವರಾಜಪ್ಪ, "ಬುಡ್ರಮ್ಮ, ನಾಳೆ ಬತ್ತದೆ" ಅಂದರು.
"ನಾಳೆ ಅಲ್ಲ ಕಣಪ್ಪ, ಇವತ್ತೇ ಬರ್ಬೇಕು."
ಐದನೆಯ ಸಲ ಬಂತು.

8-11, ಬುಧವಾರ
ಮೇಲಿನ ಆಫೀಸಿನಿಂದ ಕಾಗದ. ಸಂಘಕ್ಕೆ ಐವತ್ತು ಜನ ಬೇಕು, ಕಂಪ್ಯೂಟರಿನಲ್ಲಿ ಇರುವುದು ಮೂವತ್ತಮೂರು, ನೋಂದಣಿ ಆಗದು. ಹದಿನೈದರೊಳಗೆ ಉತ್ತರ ಕೊಡಬೇಕಂತೆ. ನೋಂದಣಿ ಇಲ್ಲದೆ ಹಗ್ಗದ ರಾಟೆ ಕೊಡುವುದಿಲ್ಲ.
ಐವತ್ತನಾಲ್ಕು ಫಾರಂ ನಾನೇ ಮನೆಮನೆಗೆ ಹೋಗಿ ತುಂಬಿದ್ದು!
ಸಂಘದ ಬೋರಮ್ಮ, "ಅಕ್ಕ, ಆ ಮಿಸೀನು ನಮ್ಮುನ್ನ ನುಂಗ್ಬುಡ್ತಾ?" ಅಂದಳು.

10-11, ಶುಕ್ರವಾರ
ಅಭ್ಯಾಸಕ್ಕೆ ನಮ್ಮ ಪಟ್ಟಿಯನ್ನೇ ಒತ್ತಿದೆ. ಬೆರಳೆಲ್ಲ ನೋವು. ಕೌಂಟ್ ಕಲಿತೆ. ಗಂಡನ ಹೆಸರಿನ ಕಾಲಂ ಎಣಿಸಿದರೆ ಮೂವತ್ತಮೂರು. ಕಾಲಂ ಬದಲು ನಕ್ಷತ್ರದ ಗುರುತು ಇಟ್ಟರೆ ಐವತ್ತನಾಲ್ಕು! ಖಾಲಿ ಇದ್ದುದನ್ನು ಕೌಂಟ್ ಎಣಿಸುವುದೇ ಇಲ್ಲ, ಆಫೀಸಿನವರೂ ಆ ಕಾಲಮ್ಮನ್ನೇ ಎಣಿಸಿರಬೇಕು ಅಂದರು ಮೇಷ್ಟ್ರು.
ಖಾಲಿ ಬಿಟ್ಟವಳು ನಾನೇ. ಮೂವತ್ತಮೂರು ಜನರ ಗಂಡನ ಹೆಸರನ್ನು ಮಕ್ಕಳು ಹೇಳಿದರು. ಮಿಕ್ಕ ಇಪ್ಪತ್ತು ಜನ ಸೆರಗು ಬಾಯಿಗಿಟ್ಟು ನಕ್ಕರು. ಅಂಕಮ್ಮನಂತೂ, "ಥೂ, ಗಂಡನ್ ಎಸ್ರು ಏಳ್ತಾರೇನೇ? ನೀನ್ ಮೊದ್ಲು ಏಳು ನೋಡಾನ" ಅಂದಳು. ನಾನು ಹೇಳಲಿಲ್ಲ. ನನ್ನ ಫಾರಮ್ಮಿನಲ್ಲೂ ಬರೆಯಲಿಲ್ಲ; ನನ್ನದೂ ಸೇರಿ ಇಪ್ಪತ್ತೊಂದು. ನಮ್ಮ ಮನೆಯವರ ಆಯಸ್ಸಿನ ಪ್ರಶ್ನೆ.

13-11, ಸೋಮವಾರ
ಒಪ್ಪೊತ್ತು. ತರಬೇತಿ ಮುಗಿಯಿತು.
ಎನ್‌ವಿಎಲ್ ಅಂತ ಒಂದು ಫಂಕ್ಷನ್ — ಖಾಲಿ ಇದ್ದ ಕಡೆ ನಾವು ಕೊಟ್ಟ ಮಾತು ತೋರಿಸುತ್ತದೆ. 'ಮನೆಯವರು' ಅಂತ ಕೊಟ್ಟೆ. ಇಪ್ಪತ್ತೊಂದು ಸಾಲಿಗೂ ಮನೆಯವರು, ಮನೆಯವರು...
"ಏನ್ರಮ್ಮ, ಇಷ್ಟು ಜನಕ್ಕೂ ಒಬ್ರೇನಾ?" ಅಂದರು ಮೇಷ್ಟ್ರು. ಶಿವ ಶಿವಾ, ನಕ್ಕೂ ನಕ್ಕೂ ಹಸಿವು ಮರೆಯಿತು.
ಆಮೇಲೆ, "ಊರಲ್ಲಿ ಯಾರನ್ನಾದ್ರೂ ಕೇಳಿ ಎಸ್ರು ತುಂಬ್ಬುಡಿ, ಸುಲಭ" ಅಂದರು.
ಸುಲಭವೇ. ಆದರೆ ಆ ಇಪ್ಪತ್ತೊಂದರಲ್ಲಿ ಒಬ್ಬಳಾದ ಭೈರಮ್ಮನ ಗಂಡ ಬಿಟ್ಟುಹೋಗಿ ಹನ್ನೊಂದು ವರ್ಷ. ಆ ಹೆಸರು ಬರೆದರೆ ಮಾತ್ರ ಅವಳು ಲೆಕ್ಕಕ್ಕೆ ಬರಬೇಕೇ? ಹಗ್ಗ ಹೊಸೆಯುವುದು ಅವಳ ಕೈ.
ತುಂಬಲಿಲ್ಲ. ಎರಡು ಕೌಂಟನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಬರೆದೆ. 'ಎರಡನೆಯದನ್ನು ಒತ್ತಿ ನೋಡಿ. ಹೆಂಗಸರನ್ನು ಎಣಿಸಿ, ಗಂಡಂದಿರನ್ನಲ್ಲ.' ರುಜು ಹಾಕಿ, ತಿಪಟೂರಿನಲ್ಲೇ ರಿಜಿಸ್ಟರ್ ಪೋಸ್ಟ್ ಮಾಡಿ ಬಂದೆ.

18-11, ಶನಿವಾರ
ಐದು ದಿನವಾಯಿತು. ಸಂಘದ ಪುಟ್ಟಗೌರಮ್ಮ ಮಾಯಸಂದ್ರಕ್ಕೆ ಹೊರಟಿದ್ದಾಳೆ. ಅಲ್ಲಿನ ಪೋಸ್ಟಾಫೀಸಿನಲ್ಲಿ ನನ್ನ ಕಾಗದಕ್ಕೆ ಉತ್ತರ ಬಂದಿದ್ದರೆ ಇಸ್ಕೊಂಡು ಬಾರೇ ಅಂದೆ.
"ಯಾರ್ ಎಂಡ್ತಿ ಅಂತ ಕೇಳಿದ್ರೆ ಏನನ್ಲಕ್ಕ?"
ನನ್ನ ಹೆಸರು ಹೇಳು, ರಂಗಕ್ಕ ಅನ್ನು ಅಂದೆ. ಅಷ್ಟೇ ಸಾಕು. ಆ ಹೆಸರಿಗೆ ಕಾಗದವೇ ಇಲ್ಲ ಅಂದರೆ, ಇನ್ನೊಂದು ಸಲ ಸರಿಯಾಗಿ ನೋಡಿ ಅನ್ನು.