ಐದು ಸಹಿಗಳ ಬೈಲಾ

ಕರೆಕಲ್ಲು
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಆರು

ಕರೆಕಲ್ಲು ಸ್ವತಂತ್ರ ಪದವಿಪೂರ್ವ ವಿದ್ಯಾಲಯದ ಸ್ಥಾಪಕ ಟ್ರಸ್ಟಿಗಳಾದ ಮಾನ್ಯ ತಿಪ್ಪೇರುದ್ರಪ್ಪನವರಿಗೂ ಉಳಿದ ನಾಲ್ವರಿಗೂ, ಅದೇ ವಿದ್ಯಾಲಯದ ಈಗಿನ ಪ್ರಾಂಶುಪಾಲೆ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಬಹಳ ವರ್ಷಗಳಾದವು. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಮಾತಿನ ಧಾಟಿಯನ್ನು ನಾನು ಕಲಿತದ್ದು ನೀವೇ ಬರೆದ ಬೈಲಾ ಓದಿ, ಅದರಲ್ಲಿ ನಗುವಂಥ ಒಂದು ಸಾಲೂ ಇಲ್ಲ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಡಬ್ಬಿ. ಯಾರಿಗಾದರೂ ಉತ್ತರ ಬಂದದ್ದನ್ನು ನಾನು ಕೇಳಿಲ್ಲ, ಆದರೂ ಜನ ಹಾಕುತ್ತಲೇ ಇರುತ್ತಾರೆ. ಹೆಚ್ಚಿನವರು ತೀರಿಕೊಂಡ ತಾಯಿಗೆ ಬರೆಯುತ್ತಾರಂತೆ. ನಾನು ಟ್ರಸ್ಟಿಗಳಿಗೆ ಬರೆಯುತ್ತಿದ್ದೇನೆ, ನನ್ನ ಹಣೆಬರಹ.

ಈ ಕಾಗದ ತಲುಪುವ ಹೊತ್ತಿಗೆ ನೀವು ಆ ಹಳೆಯ ಶೇಂಗಾ ಗೋಡೌನಿಗೆ ಸುಣ್ಣ ಹೊಡೆಸುತ್ತಿರಬಹುದು. ಐದು ಜನ ಮೇಷ್ಟ್ರುಗಳು ಇದ್ದ ಕೆಲಸ ಬಿಟ್ಟು ಗೋಡೌನಿನಲ್ಲಿ ಶಾಲೆ ತೆರೆದ ಕಥೆಯನ್ನು ಇಲ್ಲಿ ಪ್ರತಿ ಹೊಸ ಮಗುವಿಗೂ ಹೇಳುತ್ತೇವೆ. ಪಾಠದ ನಡುವೆ ಇಲಿ ಬಂದರೆ ತಿಪ್ಪೇರುದ್ರಪ್ಪನವರು ಭೌತಶಾಸ್ತ್ರ ನಿಲ್ಲಿಸದೆ ಕಾಲಲ್ಲೇ ಓಡಿಸುತ್ತಿದ್ದರಂತೆ. ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಕಾಲೇಜಿಗೆ ಸಿದ್ಧ ಮಾಡುವುದಷ್ಟೇ ಶಾಲೆಯ ಕೆಲಸ ಎಂದು ನೀವು ಬರೆದಿಟ್ಟಿರಿ. ಮುಂದೆ ಯಾರೋ ಆಸೆಬುರುಕರು ಬಂದು ಹಾಳು ಮಾಡಬಾರದೆಂದು ಇನ್ನೊಂದು ಮಾತನ್ನೂ ಸೇರಿಸಿದಿರಿ: ಸ್ಥಾಪಕರು ಐವರೂ ಸಹಿ ಹಾಕದೆ ಬೈಲಾದ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಐವರೂ ಒಂದು ದಿನ ಸಾಯುತ್ತೇವೆ ಎನ್ನುವುದು ಐವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ ಸ್ವಾಮಿ? ಅಷ್ಟೊಂದು ಓದಿದವರು ನೀವು.

ಈಗ ಕಾಲೇಜುಗಳಿಲ್ಲ. ಯುದ್ಧವಾಗಲಿಲ್ಲ, ಬೆಂಕಿ ಬೀಳಲಿಲ್ಲ. ಕಿವಿಗುರು ಬಂತು, ಕಾಲೇಜುಗಳು ಹೋದವು. ಕಿವಿಗುರು ಎಂದರೆ ಕಡಲೆಕಾಳಿನಷ್ಟು ದೊಡ್ಡ ಯಂತ್ರ, ಕಿವಿಯಲ್ಲಿಟ್ಟುಕೊಂಡರೆ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತದೆ. ನಾನು ಪದವಿ ಪಡೆದ ವರ್ಷ ತರಗತಿಯಲ್ಲಿ ನಾನು ಮತ್ತು ಒಬ್ಬ ಮುದುಕರು, ಇಬ್ಬರೇ ಇದ್ದೆವು. ಮರುವರ್ಷ ಕಾಲೇಜಿಗೆ ಬೀಗ ಬಿತ್ತು. ನಮ್ಮ ಶಾಲೆ ಮಾತ್ರ ನಡೆದೇ ಇದೆ, ಏಕೆಂದರೆ ಮುಚ್ಚುವ ತೀರ್ಮಾನಕ್ಕೂ ನಿಮ್ಮ ಐದು ಸಹಿ ಬೇಕು. ಮಕ್ಕಳು ಬೆಳಕು ಹರಿಯುವ ಮುಂಚೆ ಬಂದು ಬಿಸಿಲುಬಂದ್ ಮುಗಿಯುವವರೆಗೆ ಇರುತ್ತಾರೆ. ಬಿಸಿಲುಬಂದ್ ಎಂದರೆ ಬಿಸಿಲಿಗೆ ಹೆದರಿ ಯಾರೂ ಬೀದಿಗಿಳಿಯದ ಮಧ್ಯಾಹ್ನದ ಹೊತ್ತು. ಬಾಗಿಲಲ್ಲೇ ಕಿವಿಗುರು ತೆಗೆದು ಹಿತ್ತಾಳೆ ತಟ್ಟೆಗೆ ಹಾಕಬೇಕು. ಮೊದಮೊದಲು ಅಳುತ್ತಾರೆ, ಆಮೇಲೆ ಒಬ್ಬರ ಮೇಲೊಬ್ಬರು ಜಗಳಕ್ಕೆ ನಿಲ್ಲುತ್ತಾರೆ, ಬರಬರುತ್ತಾ ಲೆಕ್ಕ ತಪ್ಪು ಮಾಡಿ ತಾವೇ ತಿದ್ದಿಕೊಳ್ಳುತ್ತಾರೆ. ಅಷ್ಟಕ್ಕಾಗಿಯೇ ತಂದೆತಾಯಿಗಳು ಇನ್ನೂ ಮಕ್ಕಳನ್ನು ಕಳಿಸುತ್ತಾರೆ.

ಓದು ಮುಗಿಸಿದ ಪ್ರತಿ ವಿದ್ಯಾರ್ಥಿಯನ್ನೂ ಶಿಕ್ಷಕರೊಬ್ಬರು ಕಾಲೇಜಿನ ಗೇಟಿನವರೆಗೆ ಕರೆದೊಯ್ದು ಒಪ್ಪಿಸಿ ಬರಬೇಕೆಂದು ನಿಯಮ ಮಾಡಿದ್ದೀರಿ. ಹಳ್ಳಿಯ ಮಕ್ಕಳು ಗೇಟು ನೋಡಿ ಹೆದರಿ ವಾಪಸ್ಸು ಬಂದುಬಿಡಬಾರದು ಎನ್ನುವುದು ನಿಮ್ಮ ಕಾಳಜಿ, ಅದು ನನಗೆ ಇಷ್ಟವೇ. ದಾವಣಗೆರೆಯಲ್ಲಿ ಈಗ ಒಂದು ಗೇಟು ಮಾತ್ರ ಉಳಿದಿದೆ. ಅದರ ಹಿಂದೆ ಕಟ್ಟಡವಿಲ್ಲ, ಆಚೀಚೆ ಕಾಂಪೌಂಡೂ ಇಲ್ಲ. ಪ್ರತಿ ವರ್ಷ ಹೋಗುತ್ತೇವೆ, ಮಕ್ಕಳು ಗೇಟು ಮುಟ್ಟುತ್ತಾರೆ, ಮಂಡಕ್ಕಿ ಮೆಣಸಿನಕಾಯಿ ತಿಂದು ಅವರವರ ಮನೆಗೆ ಹೋಗುತ್ತಾರೆ. ಕಳೆದ ವರ್ಷ ದಾಕ್ಷಾಯಿಣಿ ಎಂಬ ಹುಡುಗಿ ಗೇಟಿನ ಸರಳು ಹಿಡಿದು ನಿಂತುಬಿಟ್ಟಳು. “ನನ್ನನ್ನ ಯಾರ್ ಕೈಗೆ ಒಪ್ಪಿಸ್ತೀರಿ ಮಿಸ್? ಇಲ್ಲಿ ಯಾರೂ ಇಲ್ವಲ್ಲ” ಎಂದಳು. ಎಷ್ಟೋ ವರ್ಷಗಳಿಂದ ಆ ಗೇಟಿಗೆ ಹೋಗಿ ಬಂದವಳು ನಾನು, ಅವತ್ತು ಮಾತ್ರ ಅಳು ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ಶಾಲೆಗೇ ವಾಪಸ್ಸು ಕರೆತಂದೆ.

ಅಂದಿನಿಂದ ನನಗೆ ಉಸಿರು ಕಟ್ಟಿದಾಗಲೆಲ್ಲ ಪಾಠ ಮುಂದುವರಿಸುವವಳು ಅವಳೇ. ನನಗಿಂತ ಚೆನ್ನಾಗಿ ಮಾಡುತ್ತಾಳೆ ಎನ್ನಲಾರೆ, ನನಗೂ ಒಂದಿಷ್ಟು ಜಂಬವಿದೆ. ಆದರೆ ನನ್ನ ಮುಂದೆ ತೆಪ್ಪಗಿರುವ ಮಕ್ಕಳು ಅವಳ ಮುಂದೆ ವಾದಕ್ಕಿಳಿಯುತ್ತಾರೆ. ಡಾಕ್ಟರು ನನಗೆ ಇನ್ನು ಪಾಠ ಸಾಕು ಎಂದಿದ್ದಾರೆ. ಪದವಿ ಇರುವ ಶಿಕ್ಷಕಿಯೆಂದು ಇಲ್ಲಿ ಉಳಿದಿರುವವಳು ನಾನೊಬ್ಬಳೇ. ಪದವಿ ಇಲ್ಲದವರು ಇಲ್ಲಿ ಕಲಿಸುವಂತಿಲ್ಲ, ಕಲಿಸುವವರು ಇಲ್ಲವಾದರೆ ಮಾತ್ರ ಯಾರ ಸಹಿಯೂ ಇಲ್ಲದೆ ಶಾಲೆಗೆ ಬೀಗ ಹಾಕಬೇಕು, ಇದೂ ನಿಮ್ಮ ಬೈಲಾ. ಪದವಿ ಕೊಡುವವರೇ ಇಲ್ಲದ ಮೇಲೆ ಈ ಹುಡುಗಿ ಅದನ್ನು ಎಲ್ಲಿಂದ ತರಬೇಕು? ಸೋಮವಾರ ತನಿಖೆಗೆ ಅಕ್ಷರಪಾಲ ಬರುತ್ತದೆ. ಅದು ಬರೆದದ್ದನ್ನು ಬರೆದಂತೆಯೇ ಓದುವ ಸರ್ಕಾರಿ ಯಂತ್ರ. ಕೈಮುಗಿದು ಕೇಳಿಕೊಳ್ಳೋಣವೆಂದರೆ ಅದಕ್ಕೆ ಅಕ್ಷರ ಬಿಟ್ಟು ಬೇರೇನೂ ಕಾಣುವುದಿಲ್ಲ. ನನಗೆ ಸುಸ್ತಾಗಿದೆ, ಆದರೆ ನನ್ನ ಸುಸ್ತಿನ ಜೊತೆಗೆ ಶಾಲೆಯೂ ಮುಗಿಯಬೇಕೆಂದು ನನಗೆ ಅನ್ನಿಸುವುದಿಲ್ಲ.

ಆದ್ದರಿಂದ ಒಂದೇ ಒಂದು ಬೇಡಿಕೆ. ಬೈಲಾ ರಿಜಿಸ್ಟರ್ ಆಗುವ ಮುನ್ನ ಅದರಲ್ಲಿ ಒಂದು ಸಾಲು ಸೇರಿಸಿ: ಇಲ್ಲಿ ಓದಿ ಮುಗಿಸಿದವರು ಇಲ್ಲಿ ಕಲಿಸಬಹುದು. ಐವರೂ ಸಹಿ ಹಾಕಿ. ಹಾಗೆ ಮಾಡಿದರೆ, ನನ್ನ ಮೇಜಿನಲ್ಲಿರುವ ಪ್ರತಿಯಲ್ಲಿ ಆ ಸಾಲು ಮೊದಲಿನಿಂದಲೂ ಇದ್ದಂತಾಗುತ್ತದೆ. ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ, ಬರೆದ ನೆನಪೂ ನನಗಿರುವುದಿಲ್ಲ. ದಾಕ್ಷಾಯಿಣಿ ಪಾಠ ಮಾಡುವುದನ್ನು ಕಿಟಕಿಯಿಂದ ನೋಡುತ್ತ, ಇದರಲ್ಲೇನು ವಿಶೇಷ ಎಂದುಕೊಳ್ಳುವ ಒಬ್ಬ ಮುದುಕಿ ನಾನಾಗಿರುತ್ತೇನೆ. ನಿಮಗೆ ಕೃತಜ್ಞತೆ ಹೇಳಬೇಕೆಂದು ಆಗ ನನಗೆ ತೋಚುವುದೇ ಇಲ್ಲ. ಅದಕ್ಕೇ ಈಗಲೇ, ಇನ್ನೂ ಗೊತ್ತಿರುವಾಗಲೇ ಹೇಳಿಬಿಡುತ್ತೇನೆ: ನಿಮ್ಮಿಂದ ದೊಡ್ಡ ಉಪಕಾರವಾಯಿತು.

ಹೊನ್ನೂರಮ್ಮ