ನಂಬಿಕೆಯ ಪೆಟ್ಟಿಗೆಗೆ ಬಿದ್ದ ಚೀಟಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಹತ್ತನೇ ತರಗತಿಯ ಹುಡುಗಿಯೊಬ್ಬಳು ಸಹಾಯ ಕೇಳಿದಳು. ನಾವು ಅವಳನ್ನು ಶಾಲೆಯಿಂದ ಹೊರಗೆ ಹಾಕಿದೆವು. ನಿಮ್ಮ ನಿಯಮದಂತೆಯೇ ಹಾಕಿದೆವು, ಆತಂಕ ಬೇಡ.

ನಿಮ್ಮ ಸುತ್ತೋಲೆ ಬಂದ ಮರುದಿನವೇ ಸ್ಟಾಫ್ ರೂಮಿನ ಬಾಗಿಲ ಪಕ್ಕ 'ನಂಬಿಕೆಯ ಪೆಟ್ಟಿಗೆ' ನೇತುಹಾಕಿದೆವು. ಮದ್ಯವೋ ಮಾತ್ರೆಯೋ, ಏನೇ ಅಭ್ಯಾಸವಿದ್ದರೂ ಬರೆದು ಹಾಕಿ, ಹೆಸರು ಬೇಡ ಎಂದು ತರಗತಿ ತರಗತಿಗೆ ಹೋಗಿ ಹೇಳಿದವಳು ನಾನೇ. ಎರಡು ವಾರ ಚಾಕೊಲೇಟ್ ಕಾಗದ ಬಿಟ್ಟರೆ ಏನೂ ಬೀಳಲಿಲ್ಲ. ಆಮೇಲೆ ಒಂದು ಚೀಟಿ ಬಿತ್ತು: "ಅಜ್ಜಿ ನೋವಿನ ಮಾತ್ರೆ ನಾಲ್ಕು ತಿಂಗಳಿಂದ ತಗೊಳ್ತಿದೀನಿ. ಬಿಡೋಕೆ ಆಗ್ತಿಲ್ಲ. ಅಮ್ಮಂಗೆ ಹೇಳೋಕೆ ಭಯ."

ಮೂರು ವರ್ಷ ಅವಳ ಉತ್ತರಪತ್ರಿಕೆ ತಿದ್ದಿದವಳಿಗೆ ಹೆಸರೇಕೆ? ತಪ್ಪಾದ ಪದವನ್ನು ಗೀಚಬೇಡಿ, ಸ್ಕೇಲ್ ಇಟ್ಟು ಒಂದೇ ಗೆರೆ ಎಳೆಯಿರಿ ಎಂದು ಕಲಿಸಿದ್ದೆ. ಅಕ್ಷರ ಅವಳದೇ; ಚೀಟಿಯಲ್ಲೂ ಹಾಗೇ ಗೆರೆ ಎಳೆದಿದ್ದಳು. ಗುರುತು ಸಿಕ್ಕ ಖುಷಿಯಲ್ಲಿ, ಹೌದು, ಖುಷಿಯಲ್ಲೇ, ಮುಖ್ಯೋಪಾಧ್ಯಾಯರ ಕೋಣೆಗೆ ಓಡಿದೆ. ಡಾಕ್ಟರಿಗೆ ತೋರಿಸೋಣ ಎಂದೆ. ಅವರು ನಿಮ್ಮ ನಮೂನೆ ತೆಗೆದರು. 'ಕೈಗೊಂಡ ಕ್ರಮ' ಎಂಬಲ್ಲಿ ಎರಡೇ ಚೌಕಗಳು: ಅಮಾನತು, ವರ್ಗಾವಣೆ ಪತ್ರ. "ಡಾಕ್ಟರ್ ಅಂತ ಎಲ್ಲಿ ಟಿಕ್ ಹಾಕ್ಲಿ, ನೀವೇ ಹೇಳಿ ಮೇಡಂ" ಎಂದರು.

ಮಧ್ಯಾಹ್ನ ಅವಳ ತಾಯಿ ಬಂದರು. ಆಸ್ಪತ್ರೆಯ ಬಟ್ಟೆ ಒಗೆಯುವವರು; ಕೈಯ ಒದ್ದೆಯನ್ನೂ ಒರೆಸಿಕೊಳ್ಳದೆ ಓಡಿ ಬಂದಿದ್ದರು. ವರ್ಗಾವಣೆ ಪತ್ರ ಹಿಡಿದುಕೊಂಡು ನನ್ನನ್ನೇ ಕೇಳಿದರು: "ಇವಳು ಬರೀದೆ ಸುಮ್ನೆ ಇದ್ದಿದ್ರೆ ಸ್ಕೂಲಲ್ಲೇ ಇರ್ತಿದ್ಲು, ಅಲ್ವಾ ಮೇಡಂ?" ಹುಡುಗಿ ತಲೆ ಎತ್ತಲಿಲ್ಲ.

ಈಗ ನಿಮ್ಮ ಕಚೇರಿಯಿಂದ ನಮಗೆ 'ವ್ಯಸನಮುಕ್ತ ಶಾಲೆ' ಎಂಬ ಫಲಕ ಬಂದಿದೆ. ದೊಡ್ಡ ಉಪಕಾರ. ಮಾತ್ರೆ ಅಜ್ಜಿಯ ಹಾಸಿಗೆ ಪಕ್ಕದ ಡಬ್ಬಿಯಲ್ಲಿದೆ. ಹುಡುಗಿಯೂ ದಿನವಿಡೀ ಅದೇ ಕೋಣೆಯಲ್ಲಿದ್ದಾಳೆ. ಜ್ವರ ಬಂದ ಮಗುವನ್ನೂ ಹೀಗೇ ಗೇಟಿನಾಚೆ ಬಿಡುತ್ತೀರಾ? ಅವಳು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ನಿಮಗೆ?

ಪರೀಕ್ಷೆಗೆ ಆರು ವಾರ ಉಳಿದಿದೆ. ಸೋಮವಾರವೇ ಅವಳನ್ನು ತರಗತಿಗೆ ಸೇರಿಸಿಕೊಳ್ಳಲು ಆದೇಶ ಕೊಡಿ. ವಾರಕ್ಕೊಮ್ಮೆಯಾದರೂ ಆಪ್ತಸಮಾಲೋಚಕರನ್ನು ಕಳಿಸಿ. ನಮೂನೆಯಲ್ಲಿ 'ಚಿಕಿತ್ಸೆಗೆ ಕಳಿಸಲಾಗಿದೆ' ಎಂಬ ಮೂರನೇ ಚೌಕ ಹಾಕಿಸಿ. ಅಲ್ಲಿಯವರೆಗೆ ಪೆಟ್ಟಿಗೆಯ ಕೀಲಿ ಯಾರಿಗೂ ಕೊಡುವುದಿಲ್ಲ. ಶಿಸ್ತುಕ್ರಮಕ್ಕೆ ನಾನು ಸಿದ್ಧ.

ಏಕೆಂದರೆ ನಿನ್ನೆ ಅದರಲ್ಲಿ ಇನ್ನೊಂದು ಚೀಟಿ ಇತ್ತು. ಎಡಗೈಯಲ್ಲಿ ಬರೆದಂಥ ಸೊಟ್ಟ ಅಕ್ಷರ: "ನಾನೂ ಅದೇ ಮಾತ್ರೆ ತಗೊಳ್ತೀನಿ. ಯಾರು ಅಂತ ಹುಡುಕ್ಬೇಡಿ ಟೀಚರ್."

ಇಂತಿ,
ಮೊದಲ ಚೀಟಿಯ ಅಕ್ಷರವನ್ನು ಗುರುತಿಸಿಕೊಟ್ಟ ಟೀಚರ್