ಧಾರೆಗೂ ರಿಜಿಸ್ಟರಿಗೂ ನಡುವೆ ಸಿಕ್ಕಿಬಿದ್ದ ನನ್ನ ಗಂಡ

ಮಾನ್ಯ ವೀಸಾ ಅಧಿಕಾರಿಗಳೇ,

ರಾತ್ರಿ ಎರಡೂ ನಲವತ್ತಕ್ಕೆ ನನ್ನ ದಿಂಬಿನ ಪಕ್ಕದಲ್ಲಿ ಗಾಜು ಒಡೆಯಿತು. ಒಡೆದದ್ದು ಅಮೆರಿಕದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯಲ್ಲ. ಕೊಲ್ಲಿಯ ನೌಕಾನೆಲೆಯ ಊರಿನಲ್ಲಿ ನನ್ನ ಗಂಡ ಜಯರಾಜ್ ಇರುವ ಮನೆಯದು; ಅಲ್ಲಿ ಆಗ ಮಧ್ಯಾಹ್ನ. ಮಗಳು ಇಂಚರಾ ಅಪ್ಪನ ದನಿ ಮರೆಯದಿರಲೆಂದು ಅವನ ಫೋನ್ ಕರೆಯನ್ನು ರಾತ್ರಿಯಿಡೀ ತೆರೆದಿಟ್ಟು ಮಲಗುತ್ತೇನೆ. ಆ ಫೋನಿನೊಳಗೆ ಮೊದಲು ಗಾಜು, ಆಮೇಲೆ ಗೋಡೆ, ಆಮೇಲೆ ಯಾರದೋ ಕಿರುಚಾಟ. ಕ್ಷಿಪಣಿ ಹಾರಿಸಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅದು ಬೀಳುವ ಜಾಗದಲ್ಲಿ ನನ್ನ ಗಂಡನನ್ನು ನಿಲ್ಲಿಸಿದವರು ನೀವು. ಅವನ ವೀಸಾ ನಿರಾಕರಿಸಿದವರು ನೀವು.

“ಜಯ್! ಮಾತಾಡು ಜಯ್!”

“ಇದ್ದೇನೆ ಮಾರಾಯ್ತಿ, ಕೂಗಬೇಡ, ಮಗು ಏಳ್ತದೆ. ಎದುರಿನ ಮೆಸ್ಸಿಗೆ ಬಿದ್ದದ್ದು. ದೇವೇಂದ್ರಪ್ಪಣ್ಣ ಒಳಗಿದ್ರು.”

ದೇವೇಂದ್ರಪ್ಪ ಬಾಗಲಕೋಟೆ ಕಡೆಯ ಅಡುಗೆಯವರು. ನನ್ನ ಬಸುರಿನ ದಿನಗಳಲ್ಲಿ ಖಡಕ್ ರೊಟ್ಟಿ ಕಟ್ಟಿಕೊಡುತ್ತಿದ್ದರು. ಜಯರಾಜ್ ಓಡಿಹೋಗಿ, ಸ್ವಲ್ಪ ಹೊತ್ತಿಗೆ ಮರಳಿ ಬಂದ. “ಸಿಕ್ಕಿದ್ರು. ಒಂದು ಕೈ ಮಾತ್ರ ಸಿಗ್ಲಿಲ್ಲ,” ಎಂದ. ನಂತರ ಅವನು ವಾಂತಿ ಮಾಡಿಕೊಂಡದ್ದು ಕೇಳಿಸಿತು. ಅಪ್ಪನ ಸದ್ದು ಕೇಳಿ ಎದ್ದ ಮಗಳು ಫೋನಿನತ್ತ ಕೈಚಾಚಿ ನಕ್ಕಳು.

ಇಂಗ್ಲಿಷಿನಲ್ಲಿ ಬರೆದ ನನ್ನ ಮನವಿಗಳಿಗೆಲ್ಲ ನಿಮ್ಮ ಯಂತ್ರವೊಂದು ಒಂದೇ ಉತ್ತರ ಕಳಿಸಿದೆ. ಆದ್ದರಿಂದ ಈಗ ಕನ್ನಡದಲ್ಲಿ, ಇಲ್ಲಿನ ಕನ್ನಡ ಸಂಘದ ಜಾಲತಾಣದಲ್ಲಿ, ಊರೆಲ್ಲ ನೋಡುವಂತೆ ಬರೆಯುತ್ತಿದ್ದೇನೆ. ಹೇಗೂ ಓದುವವರಲ್ಲ, ಯಾವ ಭಾಷೆಯಾದರೇನು?

ನಾನು ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ, ಅಪ್ಪ ಅಮ್ಮನ ಬೆನ್ನಿಗೆ ಇಲ್ಲಿಗೆ ಬಂದು, ನಿಮ್ಮ ನೌಕಾಪಡೆಗೆ ಸೇರಿದವಳು. ನನಗೆ ಬಂದೂಕು ಹಿಡಿಯಲು ಕಲಿಸಿದ್ದು ನಿಮ್ಮ ದೇಶವೇ. ಕೊಲ್ಲಿಗೆ ಕಳಿಸಿದ್ದೂ ಅದೇ. ಅಲ್ಲಿ ಉಪ್ಪುನೀರು ಸಿಹಿ ಮಾಡುವ ಕಾರ್ಖಾನೆಯಲ್ಲಿದ್ದ ಜಯರಾಜ್ ಸಿಕ್ಕಿದ, ಮೆಚ್ಚಿಕೊಂಡೆವು. ಅವನ ವೀಸಾಕ್ಕೆ ಎರಡು ದಾರಿಗಳಿದ್ದವು: ಅಮೆರಿಕದ ಉದ್ದನೆಯ ಸರತಿ, ಇಲ್ಲವೇ ಹೊರದೇಶದಲ್ಲಿರುವ ಸೈನಿಕರ ಸಂಗಾತಿಗಳಿಗೆಂದು ಅಲ್ಲಿನ ನಿಮ್ಮ ದೂತಾವಾಸದಲ್ಲೇ ಇರುವ ಹತ್ತಿರದ ದಾರಿ. ಸೈನಿಕರನ್ನು ನೀವು ಗೌರವಿಸುತ್ತೀರಿ ಎಂದು ನಂಬಿ ಹತ್ತಿರದ ದಾರಿ ಹಿಡಿದೆವು. ಎಂಥ ಮೂರ್ಖರು ನಾವು!

ಅದಕ್ಕೂ, ನೌಕಾಪಡೆ ಕೊಡುವ ಕುಟುಂಬದ ಮನೆ ಸಿಗುವುದಕ್ಕೂ ಮದುವೆ ರಿಜಿಸ್ಟರ್ ಆಗಬೇಕಿತ್ತು, ಮಾಡಿಸಿದೆವು. ಫೋನಿನಲ್ಲಿ ಅಮ್ಮ ವೇದವತಿ ಗುಡುಗಿದಳು: “ರಿಜಿಸ್ಟರ್ ಎಲ್ಲ ಸರ್ಕಾರಕ್ಕೆ. ಧಾರೆ ಎರೆಯದೆ ಅವನ ಜೊತೆ ಒಂದೇ ಮನೆಯಲ್ಲಿ ಮಲಗಿದ್ರೆ ನನ್ನ ಮುಖ ನೋಡ್ಬೇಡ, ಗೊತ್ತಾಯ್ತಾ?” ಹಾಗಾಗಿ ಕುಟುಂಬದ ಮನೆಯಲ್ಲಿ ನಾನೊಬ್ಬಳೇ ಮಲಗಿದೆ. ಅವನು ಊಟಕ್ಕೆ ಬಂದು, ಪಾತ್ರೆ ತೊಳೆದು, ತನ್ನ ಬಾಡಿಗೆ ರೂಮಿಗೆ ಹೋಗುತ್ತಿದ್ದ. ಮುಹೂರ್ತ ಸಿಕ್ಕಿದ್ದು ಎಂಟು ತಿಂಗಳಾದ ಮೇಲೆ. ಉಡುಪಿಯಲ್ಲಿ ಧಾರೆಯಾಯಿತು, ಆಮೇಲೆ ಸಂಸಾರ ಶುರುವಾಯಿತು. ಬಸುರಾದಾಗ ನೌಕಾಪಡೆ ನನ್ನನ್ನು ಇಲ್ಲಿಗೆ ಕಳಿಸಿತು. ವೀಸಾ ಸಂದರ್ಶನಕ್ಕೆ ಜಯರಾಜ್ ಒಬ್ಬನೇ ನಿಮ್ಮೆದುರು ಬಂದ. ನಿಮಗೆ ನೆನಪಿರಲಿಕ್ಕಿಲ್ಲ, ಅವನು ಒಂದೊಂದು ಮಾತನ್ನೂ ನನಗೆ ಒಪ್ಪಿಸಿದ್ದಾನೆ.

“ರಿಜಿಸ್ಟರ್ ಆದ ಮೇಲೆ ಎಲ್ಲಿ ಮಲಗುತ್ತಿದ್ದೆ?” ಎಂದಿರಿ.

“ನನ್ನ ರೂಮಲ್ಲಿ, ಸರ್.”

“ಹೆಂಡತಿ?”

“ಅವಳು ಮನೆಯಲ್ಲಿ, ಸರ್.”

“ಯಾಕೆ?”

“ಮದುವೆ ಆಗಿರ್ಲಿಲ್ಲ ಅಲ್ವಾ, ಸರ್.”

ಅಷ್ಟು ಸಾಕಾಯಿತು ನಿಮಗೆ. ಸೇನೆಯ ಮನೆಗಾಗಿ ನಡೆದ ಸುಳ್ಳು ಮದುವೆ ಎಂದು ಬರೆದು ಠಸ್ಸೆ ಗುದ್ದಿದಿರಿ. ಹಾಗಾದರೆ ಅತ್ತೆಯ ಮಾತು ಮೀರಿ ರಾತ್ರಿ ನುಗ್ಗಿದ್ದರೆ ಅವನು ಸಾಚಾ ಗಂಡನಾಗುತ್ತಿದ್ದನೇ? ಆ ಮಾತು ಉಳಿಸಿದ್ದೇ ಅಪರಾಧವಾಯಿತೇ? ಏಳು ತಿಂಗಳ ಇಂಚರಾಳನ್ನೂ ಮನೆಗಾಗಿಯೇ ಹೆತ್ತೆನೇ? ಹೆರಿಗೆಯಲ್ಲಿ, ಹೊಲಿಗೆ ಹಾಕಿ ಮುಗಿಯುವವರೆಗೂ ನಾನು ಚೀರಿದ್ದನ್ನು ಅಲ್ಲಿಂದ ಫೋನಿನಲ್ಲಿ ಕೇಳಿಸಿಕೊಂಡವನು ಗಂಡನಲ್ಲದೆ ಮತ್ತೇನು, ಬಾಡಿಗೆದಾರನೇ?

ಈಗಷ್ಟೇ ಇನ್ನೊಂದು ಫೋನಿನಲ್ಲಿ ನಿಮ್ಮ ಸಹಾಯವಾಣಿಯ ಹೆಂಗಸು ಸಕ್ಕರೆಯಂತೆ ನುಡಿದಳು: “ಮತ್ತೊಂದು ದಾರಿಯಲ್ಲಿ ಹೊಸದಾಗಿ ಅರ್ಜಿ ಹಾಕಿ ಮೇಡಂ. ನಿಮ್ಮ ಗಂಡ ಸದ್ಯ ಅಪಾಯದಲ್ಲಿದ್ದಾರೆಯೇ?” ನಾನು ಜಯರಾಜ್ ಇದ್ದ ಫೋನನ್ನು ಆ ಫೋನಿನ ಬಾಯಿಗೆ ಹಿಡಿದೆ. ಎರಡನೆಯ ಸ್ಫೋಟ ಅವಳಿಗೆ ಕೇಳಿಸಿತು. “ಒಂದು ನಿಮಿಷ,” ಎಂದು ಸಂಗೀತ ಹಾಕಿದಳು. ಮಾನ್ಯರೇ, ಆಗ ನನ್ನ ಕೈ ಗೋಡೆಗೆ ಅಪ್ಪಳಿಸಿತು. ಬೆರಳ ಗೆಣ್ಣು ಒಡೆದು ಮಗುವಿನ ಹಾಲಿನ ಬಾಟಲಿಯ ಮೇಲೆ ರಕ್ತ ಬಿತ್ತು. ನೀವು ಎದುರಿಗಿದ್ದಿದ್ದರೆ ಗೋಡೆ ಉಳಿಯುತ್ತಿತ್ತು. ಇದನ್ನು ಬರೆದಿದ್ದಕ್ಕೆ ನನ್ನ ಸಮವಸ್ತ್ರ ಕಿತ್ತುಕೊಳ್ಳುವಿರಾದರೆ ಕಿತ್ತುಕೊಳ್ಳಿ. ಮೊದಲು ಗಂಡನನ್ನು ಕೊಡಿ.

ನೌಕಾನೆಲೆಯ ಕುಟುಂಬಗಳನ್ನು ಹೊತ್ತ ಕೊನೆಯ ವಿಮಾನ ಅಲ್ಲಿನ ಸಂಜೆಗೆ, ಅಂದರೆ ಇಲ್ಲಿ ಬೆಳಕು ಹರಿಯುವ ಹೊತ್ತಿಗೆ, ಹೊರಡುತ್ತದೆ. ಜಯರಾಜ್ ಈಗ ಆ ನೆಲೆಯ ಗೇಟಿನ ಹೊರಗೆ ನಿಂತಿದ್ದಾನೆ. ಅಂಗಿಯ ಮೇಲೆ ದೇವೇಂದ್ರಪ್ಪನವರ ರಕ್ತವಿದೆ. ವೀಸಾ ಇಲ್ಲದ ಸಂಗಾತಿಗೂ ನಿಮ್ಮ ಬಾಯಿಮಾತಿನ ಮೇಲೆ ಸೀಟು ಕೊಡುತ್ತಾರಂತೆ. ನನ್ನ ಬೇಡಿಕೆ ಅಷ್ಟೇ: “ಅವನು ಅವಳ ಗಂಡ, ಒಳಗೆ ಬಿಡಿ,” ಎಂದು ಆ ಗೇಟಿಗೆ ಹೇಳಿ. ನನ್ನ ಮೇಲಿನ ವಿಚಾರಣೆ ಆಮೇಲೆ ಎಷ್ಟು ವರ್ಷ ಬೇಕಾದರೂ ನಡೆಸಿ.

ಇಂತಿ,
ಒಬ್ಬನನ್ನೇ ಎರಡು ಸಲ ಮದುವೆಯಾದರೂ ನಿಮ್ಮ ಕಣ್ಣಿಗೆ ಕನ್ಯೆಯಾಗಿಯೇ ಉಳಿದ,
ಲಾಸ್ಯಾ

ಈ ಪತ್ರ ಓದುತ್ತಿರುವವರು ಆ ಅಧಿಕಾರಿಯಲ್ಲದಿದ್ದರೂ, ಆ ಇಲಾಖೆಯವರು ಇಲ್ಲಿ ಯಾರಾದರೂ ನಿಮಗೆ ಗೊತ್ತಿದ್ದರೆ ಎಬ್ಬಿಸಿ. ಬೈಸಿಕೊಳ್ಳಿ, ಪರವಾಗಿಲ್ಲ. ಅವನ ಫೋನು ಇನ್ನೂ ತೆರೆದಿದೆ, ಉಸಿರು ಕೇಳಿಸುತ್ತಿದೆ. ಬೆಳಗಾಗುವ ಮೊದಲು ಆ ಗೇಟಿಗೆ ಫೋನ್ ಮಾಡಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮೊದಲು.